ಕೂಸು ಯಾವ ಭಾಷೆಯಲ್ಲಿ ಆಡತೈತಿ, ಅದೇ ಭಾಷೆ ಉಳೀತೈತಿ



ಮೊನ್ನೆ ತಿಂಗಳ ಮೊದಲ ವಾರ, ಪಿಂಚಣಿ ತೆಗೆಯೋರ ಸಾಲು ಬ್ಯಾಂಕಿನ ಬಾಗಿಲ ತನಕ ಇತ್ತು. ಒಬ್ಬ ಅಜ್ಜಿ ಮೊಮ್ಮಗನನ್ನು ಕರ್ಕೊಂಡು ನನ್ನ ಕೌಂಟರಿಗೆ ಬಂದ್ರು. ಹುಡುಗನಿಗೆ ಆರು ವರ್ಷ ಇರಬಹುದು. ಅಜ್ಜಿ ಸ್ಲಿಪ್ಪಿನ ಮೇಲೆ ಒಂದೊಂದೇ ಅಕ್ಷರ ಕೂಡಿಸಿ ನಿಧಾನಕ್ಕೆ ಕನ್ನಡದಲ್ಲಿ ಸಹಿ ಮಾಡಿದ್ರು. ಹುಡುಗ ಇಣುಕಿ ನೋಡಿ, "ಆಜೀ, ಹೇ ಕಾಯ್?" ಅಂತ ಕೇಳ್ದ. "ನನ್ನ ಹೆಸರು, ಮಗಾ" ಅಂದ್ರು ಅಜ್ಜಿ. ಅವನು ಆ ಅಕ್ಷರಗಳನ್ನ ರಂಗೋಲಿ ನೋಡಿದಂಗ ನೋಡ್ದ. ನಾನು ಕನ್ನಡದಾಗ ಹೆಸರು ಕೇಳಿದೆ, ಮರಾಠಿಯಾಗ ಉತ್ತರ ಬಂತು. ಅಜ್ಜಿ ನಕ್ಕು, "ಅವಗ ಎಲ್ಲಾ ತಿಳೀತೈತ್ರಿ ಸಾಹೇಬ್ರ, ಮಾತಾಡೂದಷ್ಟ ಇಲ್ಲ" ಅಂದ್ರು.

ತಿಳೀತೈತಿ, ಮಾತಾಡೂದಿಲ್ಲ. ಚಂದಗಡ ತಾಲೂಕಿನ ಕನ್ನಡ ಮನೆಗಳ ಇವತ್ತಿನ ಸ್ಥಿತಿ ಈ ಒಂದು ಮಾತಿನಲ್ಲಿ ಇದೆ. ಆ ಹುಡುಗ ನಾಳೆ ಅಪ್ಪ ಆದಾಗ ಅವನ ಮಗುವಿಗೆ ತಿಳಿಯೋದೂ ಇಲ್ಲ. ಒಂದು ಭಾಷೆ ಮನೆಯಿಂದ ಹೊರಗೆ ಹೋಗೋಕೆ ಎರಡು ತಲೆಮಾರು ಸಾಕು. ಅದಕ್ಕೆ ಯಾರ ದಬ್ಬಾಳಿಕೆಯೂ ಬೇಕಾಗಿಲ್ಲ.

ನಾವು ಪ್ರತಿ ವರ್ಷ ನವೆಂಬರ್ 1ಕ್ಕೆ ಧ್ವಜದ ಫೋಟೋ ಹಾಕ್ತೀವಿ, ಸ್ಟೇಟಸ್ ಇಡ್ತೀವಿ. ಆ ದಿನ ನಮಗೆ ಇನ್ನೊಂದು ಅರ್ಥದಲ್ಲೂ ನೆನಪಿರಬೇಕು. 1956ರ ರಾಜ್ಯ ಪುನರ್ವಿಂಗಡಣಾ ಕಾಯ್ದೆಯಲ್ಲಿ ಮುಂಬಯಿ ರಾಜ್ಯದಿಂದ ಮೈಸೂರು ರಾಜ್ಯಕ್ಕೆ ಸೇರುವ ಪ್ರದೇಶಗಳ ಪಟ್ಟಿ ಇದೆ: ವಿಜಾಪುರ, ಧಾರವಾಡ, ಉತ್ತರ ಕನ್ನಡ, ಮತ್ತು "ಚಂದಗಡ ತಾಲೂಕು ಬಿಟ್ಟು" ಬೆಳಗಾವಿ ಜಿಲ್ಲೆ. ಅಲ್ಲಿ ತನಕ ಬೆಳಗಾವಿ ಜಿಲ್ಲೆಯಲ್ಲಿದ್ದ ನಮ್ಮ ತಾಲೂಕು ಆವತ್ತು ಕೊಲ್ಲಾಪುರಕ್ಕೆ ಸೇರಿತು. ಸಂತಿ, ದವಾಖಾನೆ ಅಂತ ಇವತ್ತಿಗೂ ನಮ್ಮ ಜನ ಬೆಳಗಾವಿ ಬಸ್ಸನ್ನೇ ಹತ್ತತಾರ. ಜಿಲ್ಲಾ ಕಚೇರಿ ಕೆಲಸಕ್ಕೆ ಮಾತ್ರ ದೂರದ ಕೊಲ್ಲಾಪುರ.

ಆ ಗೆರೆ ಎಳೆದವರು ನಾವಲ್ಲ, ಅದನ್ನ ಅಳಿಸೋದು ನಮ್ಮ ಕೈಯಲ್ಲೂ ಇಲ್ಲ. ಆದ್ರೆ ಮಗುವಿನ ಬಾಯಿಂದ ಕನ್ನಡ ಬಿಟ್ಟು ಹೋಗ್ತಿರೋದು ನಮ್ಮ ಮನೆಯೊಳಗ. ಅದನ್ನ ತಡೆಯೋದು ನಮ್ಮ ಕೈಯಲ್ಲೇ ಐತಿ.

ಸಂವಿಧಾನದ 350ಎ ವಿಧಿ ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣಕ್ಕೆ ಸೌಲಭ್ಯ ಕೊಡಲು ಪ್ರಯತ್ನಿಸಬೇಕು ಅಂತ ರಾಜ್ಯಗಳಿಗೆ ಹೇಳುತ್ತದೆ. ಅದಕ್ಕಾಗಿ ಮನವಿ ಕೊಡೋಣ, ಅದು ನಿಲ್ಲಬಾರದು. ಆದ್ರೆ ಶಾಲೆ ಶುರುವಾಗೋದು ಆರನೇ ವರ್ಷಕ್ಕೆ. ಮಗು ಯಾವ ಭಾಷೆಯಲ್ಲಿ ಜಗಳ ಆಡಬೇಕು, ಯಾವ ಭಾಷೆಯಲ್ಲಿ ನಗಬೇಕು ಅನ್ನೋದು ಅದಕ್ಕಿಂತ ಮೊದಲೇ ಓಣಿಯಲ್ಲಿ, ಅಂಗನವಾಡಿಯಲ್ಲಿ ತೀರ್ಮಾನ ಆಗಿರ್ತದೆ. ಮನೆಯಲ್ಲಿ ಅಮ್ಮ ಕನ್ನಡ ಮಾತಾಡಿದ್ರೂ, ಕೂಡಿ ಆಡೋಕೆ ಕನ್ನಡದ ಇನ್ನೊಂದು ಕೂಸು ಸಿಗದಿದ್ರೆ ಆ ಭಾಷೆ ಊಟಕ್ಕೆ ಕರೆಯೋ ಭಾಷೆ ಆಗಿ ಉಳೀತೈತಿ ಅಷ್ಟ. ಮಗುವಿಗೆ ಕನ್ನಡದ ಗೆಳೆಯರು ಬೇಕು.

ಹಾಗಾಗಿ ನಮ್ಮ ಪುಟದ ಕಡೆಯಿಂದ ಒಂದು ಪ್ರಸ್ತಾಪ. ತಿಂಗಳಿಗೊಂದು ಭಾನುವಾರ, ಎರಡು ತಾಸು, ಮೂರರಿಂದ ಎಂಟು ವರ್ಷದ ಮಕ್ಕಳು ಅಪ್ಪ-ಅಮ್ಮ, ಅಜ್ಜ-ಅಜ್ಜಿ ಸಮೇತ ಕೂಡುವ ಮಕ್ಕಳ ಕೂಟ. ಹೆಸರು ಹೊಸದಲ್ಲ. ಆರ್. ಕಲ್ಯಾಣಮ್ಮ ಬೆಂಗಳೂರಿನ ಚಾಮರಾಜಪೇಟೆಯಲ್ಲಿ 1938ರಲ್ಲೇ ಈ ಹೆಸರಿನ ಸಂಸ್ಥೆ ಕಟ್ಟಿದ್ರು. ನಮಗೆ ಕಟ್ಟಡ ಬೇಡ. ಗುಡಿಯ ಪಡಸಾಲೆ, ಸಮುದಾಯ ಭವನ, ದೊಡ್ಡ ಅಂಗಳ ಇರೋ ಮನೆ, ಯಾವುದಾದ್ರೂ ನಡೀತದ.

ಎರಡು ತಾಸು ಹೆಂಗ ಕಳೀಬೇಕು? ಮೊದಲ ಅರ್ಧ ತಾಸು ಓಡಾಟದ ಆಟ: ಲಗೋರಿ, ಕುಂಟಾಟ, ಕಣ್ಣಾಮುಚ್ಚಾಲೆ. ಆಮೇಲೆ ಇಪ್ಪತ್ತು ನಿಮಿಷ ಯಾರಾದ್ರೂ ಒಬ್ಬ ಅಜ್ಜಿಯ ಕಥೆ. ಆಮೇಲೆ ನಲವತ್ತು ನಿಮಿಷ ಕೈಗೆಲಸ: ಮಣ್ಣು, ಕಾಗದ, ಬಣ್ಣ. ಕೊನೆಯ ಅರ್ಧ ತಾಸು ಚುರುಮುರಿ, ಶೇಂಗಾ, ಬೆಲ್ಲ, ಹರಟೆ. ದೊಡ್ಡವರು ಮಕ್ಕಳನ್ನ ಬಿಟ್ಟು ಹೋಗಬಾರದು, ಕೂತು ಆಡಬೇಕು. ಮೊಬೈಲ್ ಚೀಲದಾಗ.

ವರ್ಷದ ಪಂಚಾಂಗ ನಮ್ಮ ಹಿರಿಯರು ಮಾಡಿಟ್ಟು ಹೋಗ್ಯಾರ. ಮಣ್ಣೆತ್ತಿನ ಅಮಾವಾಸ್ಯೆಗೆ ಎತ್ತು ಮಾಡಿಸ್ರಿ. ಕೋಡು, ಬಾಲ, ಗೊರಸು, ನೊಗ, ಗ್ವಾದಲಿ ಅನ್ನೋ ಪದಗಳನ್ನ ಯಾರೂ ಹಲಗೆ ಮೇಲೆ ಬರೆಯಬೇಕಾಗಿಲ್ಲ, ಮಣ್ಣಿನ ಜೊತೆ ಬೆರಳಿಗೆ ಹತ್ತತಾವ. ಆಷಾಢದ ಮಂಗಳವಾರ ಗುಳ್ಳವ್ವನನ್ನ ಮಾಡಿ ಗುಲಗಂಜಿ ಹಚ್ಚಿ ಕೂಡಿ ಉಣ್ಣೋ ಪದ್ಧತಿ ಬಹಳ ಮನೆಗಳಲ್ಲಿ ನಿಂತು ಹೋಗೈತಿ. ಅದನ್ನ ತಿರುಗಿ ತರಬಹುದು. ನಾಗರ ಪಂಚಮಿಗೆ ಜೋಕಾಲಿ ಕಟ್ಟಿ, ಮಕ್ಕಳ ಕೈಯಿಂದಲೇ ಉಂಡಿ ಕಟ್ಟಿಸ್ರಿ.

ನಮ್ಮ ಕಡೆ ಮಳೆ ಹಿಡಿದ್ರೆ ಬಿಡೂದಿಲ್ಲ. ಆ ತಿಂಗಳುಗಳಲ್ಲಿ ಒಳಗೆ ಕೂತು ಆಡೋ ಆಟ: ಚೌಕಾಬಾರ, ಅಳಗುಳಿಮಣೆ, ಒಗಟು. ಅಳಗುಳಿಮಣೆಯಲ್ಲಿ ಹುಣಸೆ ಬೀಜ ಹಂಚುತ್ತಾ ಹಂಚುತ್ತಾ ಮಗು ಎಣಿಕೆ ಕಲೀತದ. ಶಾಲೆಯಲ್ಲಿ 'ಏಕ, ದೋನ, ತೀನ' ಬಂದಿರೋ ಮಗುವಿಗೆ 'ಒಂದು, ಎರಡು, ಮೂರು' ಬರೋಕೆ ಇದಕ್ಕಿಂತ ಸುಲಭದ ದಾರಿ ಇಲ್ಲ. ನಮ್ಮ ತಾಲೂಕಿನ ಬೆಳೆ ಅಂತ ಗೋಡಂಬಿಯ ಹಸಿ ಬೀಜ ಮಾತ್ರ ಮಕ್ಕಳ ಕೈಗೆ ಕೊಡಬೇಡಿ. ಸಿಪ್ಪೆಯೊಳಗಿನ ಎಣ್ಣೆ ಚರ್ಮ ಸುಡತೈತಿ.

ದೀಪಾವಳಿ ಆದಮೇಲೆ ಹೊರಗೆ ಹೋಗೋಣ. ದೇವರವಾಡಿಯ ವೈಜನಾಥ ಗುಡಿ, ಮಹಿಪಾಳಗಡ, ಕಲಾನಿಧಿಗಡ, ಗಂಧರ್ವಗಡ, ಪಾರಗಡ ನಮ್ಮ ತಾಲೂಕಿನಲ್ಲೇ ಇವೆ. ಬುತ್ತಿ ಕಟ್ಟಿಕೊಂಡು ಒಂದು ದಿನ ಹೋಗಿ ಬರಬಹುದು. ತಾಮ್ರಪರ್ಣಿಯ ದಂಡೆಗೆ ಕರ್ಕೊಂಡು ಹೋಗಿ ಈ ನೀರು ಎಲ್ಲಿಗೆ ಹೋಗತೈತಿ ಅಂತ ಕೇಳ್ರಿ. ಅದು ಘಟಪ್ರಭೆ ಸೇರಿ, ಹಿಡಕಲ್ ಅಣೆಕಟ್ಟು ದಾಟಿ, ಗೋಕಾಕದಲ್ಲಿ ಜಲಪಾತ ಆಗಿ ಬೀಳತೈತಿ ಅಂತ ದೊಡ್ಡ ಹಾಳೆ ಮೇಲೆ ನಕ್ಷೆ ಬರೆಸ್ರಿ. ಭೂಗೋಳ, ಬಣ್ಣ, ಕನ್ನಡ ಮೂರೂ ಅದರಾಗ ಬಂತು.

ಇನ್ನು ಅಕ್ಷರ. ಬಹಳ ಅಪ್ಪ-ಅಮ್ಮಂದಿರ ಅಂಜಿಕೆ ಒಂದೇ: ಮರಾಠಿ ಲಿಪಿ, ಇಂಗ್ಲಿಷ್ ಲಿಪಿ, ಅದರ ಮೇಲೆ ಕನ್ನಡವೂ ಅಂದ್ರೆ ಕೂಸಿಗೆ ಭಾರ ಆಗೂದಿಲ್ಲೇನು? ಸ್ವಲ್ಪ ಲೆಕ್ಕ ಹಾಕಿ ನೋಡ್ರಿ. ಕನ್ನಡದ 34 ವ್ಯಂಜನಗಳೂ ಮರಾಠಿಯಲ್ಲಿ ಇವೆ, ನಮ್ಮ ಳಕಾರ ಸಹಿತ. ಕ ಖ ಗ ಘ ಅನ್ನೋ ಕ್ರಮವೂ ಒಂದೇ. ಸ್ವರಗಳಲ್ಲಿ ಎ-ಏ, ಒ-ಓ ಅನ್ನೋ ಗಿಡ್ಡ-ಉದ್ದ ವ್ಯತ್ಯಾಸ ಹೊಸದು. ಅಂದ್ರೆ ಮರಾಠಿ ಶಾಲೆಗೆ ಹೋಗೋ ಮಗುವಿಗೆ ಅರ್ಧ ಕೆಲಸ ಆಗೇ ಹೋಗೈತಿ, ಆಕಾರ ಗುರುತು ಹಿಡಿಯೋದಷ್ಟೇ ಬಾಕಿ. ಒಂದು ಕೂಟಕ್ಕೆ ಎರಡೇ ಅಕ್ಷರ ಇಟ್ಕೊಳ್ರಿ. ರಟ್ಟಿನ ಮೇಲೆ ಬರೆದು, ಹಿಂದೆ ಅದೇ ದನಿಯ ಮರಾಠಿ ಅಕ್ಷರ ಬರೆದು ಜೋಡಿ ಹುಡುಕೋ ಆಟ ಆಡಿಸ್ರಿ. ಎರಡು ವರ್ಷದಲ್ಲಿ 49 ಅಕ್ಷರದಲ್ಲಿ 48 ಮುಗೀತಾವ. ಉಳಿದ ಒಂದನ್ನ ಮಗುವೇ ಕೇಳಿ ಕಲೀತದ.

ಸಾಮಗ್ರಿ ಇಲ್ಲ ಅನ್ನೋ ನೆವ ಇವತ್ತು ನಡಿಯೂದಿಲ್ಲ. ಪ್ರಥಮ್ ಬುಕ್ಸ್‌ನವರ ಸ್ಟೋರಿವೀವರ್ ತಾಣದಲ್ಲಿ ಕನ್ನಡದ ಚಿತ್ರಕಥೆಗಳು ಓದಿನ ಹಂತದ ಪ್ರಕಾರ ಸಿಗತಾವ. ಇಳಿಸಿಕೊಂಡು, ಪ್ರಿಂಟ್ ತೆಗೆದು ಹಂಚೋಕೂ ಮುಕ್ತ ಪರವಾನಗಿ ಐತಿ. ಅದೇ ಕಥೆಯ ಮರಾಠಿ ರೂಪ ಇದ್ರೆ ಅದನ್ನೂ ತಗೊಂಡು ಪಕ್ಕದಲ್ಲಿಟ್ಟು ಓದ್ರಿ. ಪುಣೆಯ ಬಾಲಭಾರತಿ ನಮ್ಮದೇ ರಾಜ್ಯ ಸರ್ಕಾರದ ಪಠ್ಯಪುಸ್ತಕ ಮಂಡಳಿ. ಅದು ಕನ್ನಡ ಮಾಧ್ಯಮದ ಪುಸ್ತಕಗಳನ್ನೂ ತರತೈತಿ. ಅರವಿಂದ ಗುಪ್ತಾ ಅವರು ಕಸದಿಂದ ಮಾಡೋ ಆಟಿಕೆಗಳನ್ನ ನೋಡ್ರಿ. ಸೈಕಲ್ ವಾಲ್ ಟ್ಯೂಬಿನ ತುಂಡು, ಮದ್ದು ಕೆರೆದ ಬೆಂಕಿಕಡ್ಡಿ ಇದ್ರೆ ಮನೆ, ತ್ರಿಕೋನ, ಚೌಕ ಎಲ್ಲಾ ಕಟ್ಟಬಹುದು. ಸಾತಾರಾ ಜಿಲ್ಲೆಯ ಭಿಲಾರ ಊರನ್ನ 2017ರಲ್ಲಿ ಸರ್ಕಾರ 'ಪುಸ್ತಕಗಳ ಊರು' ಮಾಡಿತು. ಅಲ್ಲಿ ಪುಸ್ತಕ ಇರೋದು ಜನರ ಮನೆಗಳಲ್ಲಿ. ಮರಾಠಿ ಬಂಧುಗಳ ಆ ಕೆಲಸದಿಂದ ನಾವೂ ಕಲಿಯಬಹುದು. ನಮ್ಮ ಒಂದು ಮನೆಯ ಕಟ್ಟೆ ಮೇಲೆ ಮೂವತ್ತು ಕನ್ನಡ ಪುಸ್ತಕ ಇಟ್ರೆ ಶುರು ಮಾಡಿದಂಗಾತು.

ಒಂದು ಕಟ್ಟುನಿಟ್ಟಿನ ನಿಯಮ ಇರಲಿ: ಮಗು ಮರಾಠಿಯಲ್ಲಿ ಉತ್ತರ ಕೊಟ್ರೆ ಬೈಬಾರದು, ನಗಬಾರದು. "ಪಾಣೀ ದೇ" ಅಂದ್ರೆ "ನೀರು ಬೇಕಾ? ತಗೋ ನೀರು" ಅನ್ನಿ, ಲೋಟ ಕೊಡಿ, ಮುಗೀತು. ನಾಚಿಕೆಪಟ್ಟ ಮಗು ಮತ್ತೆ ಬಾಯಿ ತೆರೆಯೂದಿಲ್ಲ. ಪರೀಕ್ಷೆ, ಬಹುಮಾನ, ಸ್ಟೇಜಿಗೆ ಹತ್ತಿಸಿ ಬಾಯಿಪಾಠ ಒಪ್ಪಿಸೋದು ಯಾವುದೂ ಬೇಡ. ಗಣ್ಯರ ಭಾಷಣ ಅಂತೂ ಬೇಡವೇ ಬೇಡ.

ಇದು ಮರಾಠಿ ವಿರುದ್ಧದ ಕೆಲಸ ಅಲ್ಲ ಅಂತ ಬಾಯಿಬಿಟ್ಟು ಹೇಳಬೇಕು. ಕೋವಾಡ ಊರು ರಣಜಿತ್ ದೇಸಾಯಿ ಅವರಂಥ ದೊಡ್ಡ ಮರಾಠಿ ಲೇಖಕರ ಊರು. ಆ ಭಾಷೆ ನಮ್ಮ ಮಕ್ಕಳಿಗೆ ಚೆನ್ನಾಗಿ ಬರಬೇಕು. ನಮ್ಮ ಎಷ್ಟೋ ಮನೆಗಳಿಗೆ ಸೊಸೆಯಂದಿರು ಮರಾಠಿ ಮನೆಗಳಿಂದ ಬಂದವರು. ಅವರು ಕೂಟಕ್ಕೆ ಬರಲಿ, ಮಕ್ಕಳ ಜೊತೆ ಅವರೂ ನಾಲ್ಕು ಪದ ಕಲೀಲಿ, ತಮ್ಮ ಕಥೆ ತಮ್ಮ ಭಾಷೆಯಲ್ಲೇ ಹೇಳಲಿ. ಪಕ್ಕದ ಮನೆಯ ಮರಾಠಿ ಕೂಸು ಲಗೋರಿ ಆಡೋಕೆ ಬಂದ್ರೆ ವಾಪಸ್ ಕಳಿಸಬ್ಯಾಡ್ರಿ. ಅದು ಬಂದ ದಿನ ನಮ್ಮ ಮಗುವಿಗೆ ತನ್ನ ಭಾಷೆಯ ಬಗ್ಗೆ ಹೆಮ್ಮೆ ಬರತೈತಿ.

"ನನಗಿನ್ನೂ ಲಗ್ನ ಆಗಿಲ್ಲ, ಇದು ನನ್ನ ಕೆಲಸ ಅಲ್ಲ" ಅಂತ ಕೆಲವರು ಅಂತೀರಿ. ಅಕ್ಕನ ಮಗ ಇದ್ದಾನಲ್ಲ? ಅಣ್ಣನ ಮಗಳು? ಕೂಟಕ್ಕೆ ಬೇಕಾಗಿರೋದು ಓಡಾಡೋ ಕಾಲು, ಲಗೋರಿಗೆ ಬಿಲ್ಲೆ ಜೋಡಿಸೋ ಕೈ. ಅದು ನಿಮ್ಮ ಹತ್ತಿರ ಇದ್ದಷ್ಟು ನಮ್ಮಂಥ ಕುರ್ಚಿ ಮೇಲೆ ಕೂತವರ ಹತ್ತಿರ ಇಲ್ಲ.

ರೊಕ್ಕದ ಮಾತು ನನ್ನ ಕಸುಬು, ಅದನ್ನೂ ಹೇಳಿಬಿಡ್ತೀನಿ. ಹತ್ತು ಮನೆ, ಮನೆಗೆ ತಿಂಗಳಿಗೆ 50 ರೂಪಾಯಿ. ತಿಂಗಳಿಗೆ 500, ವರ್ಷಕ್ಕೆ 6,000. ಅದರಲ್ಲಿ 2,000 ಪುಸ್ತಕ ಮತ್ತು ಪ್ರಿಂಟಿಗೆ, 1,500 ಕಾಗದ-ಬಣ್ಣಕ್ಕೆ, 1,500 ತಿನಿಸಿಗೆ, 1,000 ಕೈಯಲ್ಲಿ ಇರಲಿ. ನೂರು ಪುಟದ ಒಂದು ವಹಿಯಲ್ಲಿ ಎಡಕ್ಕೆ ಜಮಾ, ಬಲಕ್ಕೆ ಖರ್ಚು ಬರೆದು, ಪ್ರತಿ ಕೂಟದ ಕೊನೆಗೆ ಎಲ್ಲರ ಮುಂದೆ ಓದ್ರಿ. ನಮ್ಮ ಎಷ್ಟೋ ಸಂಘಗಳು ಒಡೆದಿದ್ದು ಭಾಷೆ ವಿಷಯಕ್ಕಲ್ಲ, ಲೆಕ್ಕದ ವಿಷಯಕ್ಕೆ. ಆರ್‌ಡಿ ಕಟ್ಟೋರಿಗೆ ಗೊತ್ತು, ಕಂತು ಸಣ್ಣದಿದ್ರೂ ನಡೀತದ, ತಪ್ಪಬಾರದು ಅಷ್ಟೇ. ವರ್ಷಕ್ಕೊಂದು ದೊಡ್ಡ ಜಾತ್ರೆಗಿಂತ ಹನ್ನೆರಡು ಸಣ್ಣ ಭಾನುವಾರ ಮೇಲು.

ದೂರದ ಒಂದು ಉದಾಹರಣೆ ಹೇಳಿ ಮುಗಿಸ್ತೀನಿ. ನ್ಯೂಜಿಲೆಂಡಿನ ಮಾವೊರಿ ಜನರ ಮಕ್ಕಳು ಇಂಗ್ಲಿಷಿಗೆ ಹೊರಳಿ, ಭಾಷೆ ಮುದುಕರ ಬಾಯಲ್ಲಿ ಮಾತ್ರ ಉಳಿಯೋ ಕಾಲ ಬಂದಿತ್ತು. 1982ರಲ್ಲಿ ಅವರು 'ಕೊಹಾಂಗಾ ರೆಯೊ' ಶುರು ಮಾಡಿದ್ರು. ಹಂಗಂದ್ರ ಭಾಷೆಯ ಗೂಡು. ಶಾಲೆಗೆ ಹೋಗದ ಕೂಸುಗಳನ್ನ ಅಜ್ಜ-ಅಜ್ಜಿಯರ ನಡುವೆ ಬಿಟ್ಟು, ಮಾವೊರಿಯಲ್ಲೇ ಆಡಿಸಿ, ಉಣಿಸಿ ಬೆಳೆಸಿದ್ರು. ಆ ಮಕ್ಕಳು ದೊಡ್ಡವರಾಗ್ತಿದ್ದಂಗ 1985ರಲ್ಲಿ ಮಾವೊರಿ ಮಾಧ್ಯಮದ ಶಾಲೆ ಬಂತು. 1987ರಲ್ಲಿ ಅವರ ಭಾಷೆಗೆ ಅಧಿಕೃತ ಸ್ಥಾನದ ಕಾಯ್ದೆ ಬಂತು. ಮೊದಲು ಗೂಡು, ಆಮೇಲೆ ಶಾಲೆ, ಆಮೇಲೆ ಕಾಯ್ದೆ. ನಾವು ಕಾಯ್ದೆ ಬರಲಿ, ಶಾಲೆ ಬರಲಿ ಅಂತ ಕಾಯ್ತಾ ಕೂತೀವಿ. ಗೂಡಿನ ಕೆಲಸಕ್ಕೆ ಯಾರ ಅಪ್ಪಣೆಯೂ ಬೇಕಾಗಿಲ್ಲ.

ಕೌಂಟರಿಗೆ ಬಂದಿದ್ದ ಆ ಅಜ್ಜಿಯಂಥವರು ನಮ್ಮ ಪ್ರತಿ ಊರಲ್ಲೂ ಇದ್ದಾರೆ. ಕಥೆ ಗೊತ್ತು, ಒಗಟು ಗೊತ್ತು, ಗುಳ್ಳವ್ವನ್ನ ಮಾಡೋದು ಗೊತ್ತು. ಕೇಳೋರಿಲ್ಲ ಅಷ್ಟೇ. ಅವರು ಇರೋ ತನಕ ಮಾತ್ರ ನಮಗೆ ಟೈಮ್ ಐತಿ.

ಈ ವಾರ ಒಂದೇ ಕೆಲಸ ಮಾಡ್ರಿ. ನಿಮ್ಮ ಓಣಿಯಲ್ಲಿ ಎಂಟು ವರ್ಷದೊಳಗಿನ ಮಕ್ಕಳಿರೋ ಕನ್ನಡ ಮನೆ ಎಷ್ಟು ಅಂತ ಎಣಿಸ್ರಿ. ಮೂರು ಮನೆ ಸಿಕ್ಕರೂ ಸಾಕು. ಒಬ್ಬ ಅಜ್ಜಿಯನ್ನ ಒಪ್ಪಿಸಿ ಭಾನುವಾರ ಗೊತ್ತು ಮಾಡ್ರಿ. ಊರಿನ ಹೆಸರು, ಮನೆಗಳ ಸಂಖ್ಯೆ ನಮಗೆ ಬರೆದು ಕಳಿಸ್ರಿ. ಮಕ್ಕಳ ಹೆಸರು, ಫೋಟೋ ಹಾಕಬ್ಯಾಡ್ರಿ. ಪ್ರಿಂಟ್ ತೆಗೆದ ಮೊದಲ ಐದು ಕಥೆಗಳನ್ನ ನಾವು ತಂದು ಕೊಡ್ತೀವಿ.

ಜೈ ಕನ್ನಡಾಂಬೆ.