ಗುದ್ದಲಿ ಹಿಡಿದವಳ ಸಲಹೆಗೂ ಕೂಲಿ ಸಲ್ಲಬೇಕು



ನಮ್ಮ ತೋಟದ ಲೈನುಗಳಿಗೆ ಸಾಲ ಕೊಡುವವರು ವಾರವಾರವೂ ಬರುತ್ತಾರೆ. ಸಲಹೆ ಕೊಡುವವರು ಬರುವುದಿಲ್ಲ. ಹಸು ಕಟ್ಟುವುದಿರಲಿ, ಹೊಲಿಗೆ ಯಂತ್ರ ಕೊಳ್ಳುವುದಿರಲಿ, ಮೊದಲು ಸಾಲದ ಕಾಗದಕ್ಕೆ ರುಜು ಹಾಕಿ ಆಮೇಲೆ ಲೆಕ್ಕ ಮಾಡುವುದು ನಮ್ಮಲ್ಲಿ ವಾಡಿಕೆಯಾಗಿದೆ. ಬಡ್ಡಿ ಎಷ್ಟು, ಮೇವಿಗೆ ಎಷ್ಟು, ಮಳೆಗಾಲದಲ್ಲಿ ಗಿರಾಕಿಗಳು ಬರುವರೋ ಎಂದು ಮೊದಲೇ ಕುಳಿತು ಕೇಳುವವರು ಬೇಕು. ಪಟ್ಟಣದಲ್ಲಿ ಹೀಗೆ ಕೇಳಿ ದಾರಿ ತೋರಿಸುವುದೇ ಒಂದು ವ್ಯಾಪಾರ. ಅದನ್ನು ಸಲಹಾ ಕಂಪೆನಿ ಎನ್ನುತ್ತಾರೆ. ಅದು ಇಂಗ್ಲಿಷ್ ಬಲ್ಲವರ ಕೆಲಸ, ಮಣ್ಣಿನಲ್ಲಿ ದುಡಿದ ಹೆಂಗಸಿನದಲ್ಲ ಎಂದು ಅನೇಕರು ತಿಳಿದಿದ್ದಾರೆ. ಈ ತಿಳಿವಳಿಕೆ ತಪ್ಪೆಂದು ನಾವು ಹೇಳಬಯಸುತ್ತೇವೆ.

ಆಂಧ್ರದ ಕರ್ನೂಲು ಜಿಲ್ಲೆಯನ್ನು ನೋಡಿರಿ. ಅದರ ಪಶ್ಚಿಮಕ್ಕಿರುವ ಆದೋನಿ, ಆಲೂರು ತಾಲೂಕುಗಳು 1953ರ ವರೆಗೆ ಬಳ್ಳಾರಿ ಜಿಲ್ಲೆಗೆ ಸೇರಿದ್ದವು. ಕನ್ನಡ ಆಡುವ ಮನೆಗಳು ಆ ಸೀಮೆಯಲ್ಲಿ ಇಂದಿಗೂ ಇವೆ. ಗೋನೆಗಂಡ್ಲದ ಹತ್ತಿರ ಹಂದ್ರಿ ಹೊಳೆಗೆ ಗಾಜುಲದಿನ್ನೆ ಅಣೆಕಟ್ಟು ಕಟ್ಟಿದ್ದರೂ ಆ ಭಾಗದ ಬಹಳಷ್ಟು ಹೊಲಗಳು ಮಳೆಯನ್ನೇ ನಂಬಿವೆ. ಮಳೆ ಕೈಕೊಟ್ಟರೆ ಸಂಸಾರ ಸಮೇತ ಗುಂಟೂರಿನ ಕಡೆಗೆ ಹತ್ತಿ, ಮೆಣಸಿನಕಾಯಿ ಬಿಡಿಸಲು ಗುಳೆ ಹೊರಡುತ್ತಾರೆ. ಮಕ್ಕಳ ಶಾಲೆ ಅರ್ಧಕ್ಕೆ ನಿಲ್ಲುತ್ತದೆ. ಇದು ಎಂಥ ಬದುಕೆಂದು ತೋಟದವರಾದ ನಮಗೆ ಯಾರೂ ವಿವರಿಸಬೇಕಾಗಿಲ್ಲ.

ಇದೇ ಜಿಲ್ಲೆಯ ಓರ್ವಕಲ್ಲಿನಲ್ಲಿ, ವಿಶ್ವಸಂಸ್ಥೆಯ ನೆರವಿನಿಂದ 1995ರಲ್ಲಿ ಆರಂಭವಾದ ಬಡತನ ನಿವಾರಣಾ ಯೋಜನೆಯ ಕಾಲದಲ್ಲಿ, ಹೆಂಗಸರು ಉಳಿತಾಯ ಸಂಘಗಳನ್ನು ಕಟ್ಟಿದರು. ಚಿಕ್ಕ ಸಂಘಗಳು ಸೇರಿ ಊರಿನ ಒಕ್ಕೂಟವಾಯಿತು, ಊರುಗಳು ಸೇರಿ ಮಂಡಲದ ಒಕ್ಕೂಟವಾಯಿತು. 2000ದಲ್ಲಿ ಸ್ಥಾಪನೆಯಾದ ಸರಕಾರದ ಗ್ರಾಮೀಣ ಬಡತನ ನಿರ್ಮೂಲನಾ ಸಂಸ್ಥೆಯು ಈ ಕ್ರಮವನ್ನು ರಾಜ್ಯದಲ್ಲೆಲ್ಲ ಹಬ್ಬಿಸಿತು. ಆಗ ಅದಕ್ಕೆ ತಿಳಿದುಬಂದ ಸಂಗತಿಯೊಂದಿದೆ. ಹೊಸ ಸಂಘ ಕಟ್ಟಿಸಲು ಅಧಿಕಾರಿಯ ಭಾಷಣಕ್ಕಿಂತ, ಸಾಲ ಪಡೆದು, ಕಷ್ಟಪಟ್ಟು ತೀರಿಸಿ, ಮನೆಯನ್ನು ಮೇಲೆ ತಂದ ಹೆಂಗಸಿನ ಮಾತೇ ಹೆಚ್ಚು ನಾಟುತ್ತದೆ. ಅಂಥವರನ್ನು ಆರಿಸಿ ಬೇರೆ ಊರುಗಳಿಗೆ ಕಳುಹಿಸಿದರು. ಮುಂದೆ ಅವರು ಬಿಹಾರದಂಥ ದೂರದ ರಾಜ್ಯಗಳಿಗೂ ಹೋಗಿ, ಹಳ್ಳಿಗಳಲ್ಲಿ ಉಳಿದು ಕಲಿಸಿದರು. ಈ ಕೆಲಸಕ್ಕೆ ಅವರಿಗೆ ದಿನಗೂಲಿಯಂತೆ ಗೌರವಧನ ಸಲ್ಲುತ್ತಿತ್ತು. ಕಳೆ ಕೀಳುವುದಕ್ಕೆ ಮಾತ್ರವಲ್ಲ, ಬಲ್ಲದ್ದನ್ನು ಹೇಳುವುದಕ್ಕೂ ಕೂಲಿ ಉಂಟೆಂದು ಇದರಿಂದ ಸಿದ್ಧವಾಯಿತು.

ಇದನ್ನೇ ಒಬ್ಬಳೇ ಹೆಂಗಸು ಕಂಪೆನಿಯಾಗಿ ಕಟ್ಟಿದ್ದೂ ಉಂಟು. ಈಗ ತೆಲಂಗಾಣಕ್ಕೆ ಸೇರಿರುವ ವರಂಗಲ್ ಸೀಮೆಯ ಜ್ಯೋತಿ ರೆಡ್ಡಿಯವರು ಬಾಲ್ಯವನ್ನು ಅನಾಥಾಶ್ರಮದಲ್ಲಿ ಕಳೆದವರು. ಹದಿನಾರರಲ್ಲಿ ಮದುವೆ, ಬೇಗನೆ ಎರಡು ಹೆಣ್ಣುಮಕ್ಕಳು. ಹೊಲದಲ್ಲಿ ದಿನಕ್ಕೆ 5 ರೂಪಾಯಿಗೆ ದುಡಿದೆನೆಂದು ಅವರೇ ಹೇಳಿಕೊಂಡಿದ್ದಾರೆ. ಮಕ್ಕಳನ್ನು ಸಾಕುತ್ತಲೇ ಮುಕ್ತ ವಿಶ್ವವಿದ್ಯಾಲಯದಲ್ಲಿ ಓದಿ ಪದವಿ ಪಡೆದು ಶಿಕ್ಷಕಿಯಾದರು. 2000ದಲ್ಲಿ ಅಮೆರಿಕಾಕ್ಕೆ ಹೋಗಿ, ಮೊದಮೊದಲು ಅಂಗಡಿ, ಪೆಟ್ರೋಲ್ ಬಂಕುಗಳಲ್ಲಿ ದುಡಿದರು. ವೀಸಾ ಕಾಗದಗಳಿಗಾಗಿ ಅಲೆದಾಡಿ ಕಲಿತದ್ದೇ ಅವರಿಗೆ ಬಂಡವಾಳವಾಯಿತು. ಫೀನಿಕ್ಸ್ ಪಟ್ಟಣದಲ್ಲಿ ಕೀ ಸಾಫ್ಟ್‌ವೇರ್ ಸೊಲ್ಯೂಷನ್ಸ್ ಎಂಬ ಸಲಹಾ ಕಂಪೆನಿಯನ್ನು ಆರಂಭಿಸಿದರು. ಎಲ್ಲರೂ ಅಮೆರಿಕಾಕ್ಕೆ ಹೋಗಬೇಕೆಂದು ನಾವು ಹೇಳುವುದಿಲ್ಲ. ತಾನು ಪಟ್ಟ ಪಾಡಿನಿಂದ ಕಲಿತದ್ದು ಇನ್ನೊಬ್ಬರಿಗೆ ಬೆಲೆಯುಳ್ಳದ್ದು ಎಂದು ಅವರು ಗುರುತಿಸಿದರಲ್ಲ, ಅದನ್ನು ನಾವು ಗಮನಿಸಬೇಕು.

ಸಲಹೆಗಾರ್ತಿ ನಮ್ಮವಳೇ ಆಗಿರಬೇಕೆನ್ನುವುದಕ್ಕೆ ಇನ್ನೊಂದು ಕಾರಣವೂ ಇದೆ. ಸಾಲ ಮಾರುವವನು ಒಳ್ಳೆಯ ಸಲಹೆಗಾರನಾಗಲಾರ. ಅದೇ ಆಂಧ್ರದಲ್ಲಿ ಕಿರುಸಾಲದ ಕಂಪೆನಿಗಳು ಒಂದೇ ಮನೆಗೆ ಸಾಲದ ಮೇಲೆ ಸಾಲ ಕೊಟ್ಟು, ವಸೂಲಿಯ ಕಾಟ ಮಿತಿಮೀರಿದಾಗ, 2010ರ ಅಕ್ಟೋಬರಿನಲ್ಲಿ ಸರಕಾರವು ಸುಗ್ರೀವಾಜ್ಞೆಯನ್ನೇ ಹೊರಡಿಸಬೇಕಾಯಿತು. ‘ಈ ಸಾಲ ನಿನಗೆ ಬೇಡವಮ್ಮಾ’ ಎನ್ನಬಲ್ಲವಳು, ಆ ಸಾಲದಿಂದ ತನಗೇನೂ ಲಾಭವಿಲ್ಲದವಳು ಮಾತ್ರ.

ಹಾಗಾದರೆ ನಾವು ಮಾಡಬೇಕಾದದ್ದೇನು? ಮೊದಲನೆಯದಾಗಿ, ಲೆಕ್ಕ ಬಲ್ಲ ಹುಡುಗಿಯನ್ನು ಕೊಯ್ಲಿನ ಕಾಲದಲ್ಲಿ ಶಾಲೆ ಬಿಡಿಸಬೇಡಿರಿ. ಆ ಎರಡು ತಿಂಗಳ ಕೂಲಿ ಬೇಗ ಕರಗುತ್ತದೆ. ನಿಂತ ಓದು ಮತ್ತೆ ಸುಲಭವಾಗಿ ಹತ್ತುವುದಿಲ್ಲ. ಎರಡನೆಯದಾಗಿ, ಉದ್ಯೋಗ ಮಾಡಬಯಸುವವರು ತರಬೇತಿ ಪಡೆಯಿರಿ. 1982ರಲ್ಲಿ ಉಜಿರೆಯಲ್ಲಿ ಆರಂಭವಾದ ರುಡ್‌ಸೆಟ್ ಸಂಸ್ಥೆಯು ಊಟ, ವಸತಿಗಳೊಡನೆ ಉಚಿತವಾಗಿ ಕಲಿಸುತ್ತದೆ. ಅದೇ ಮಾದರಿಯ ಬ್ಯಾಂಕ್ ತರಬೇತಿ ಕೇಂದ್ರಗಳು ಇತರ ಜಿಲ್ಲೆಗಳಲ್ಲಿಯೂ ಇವೆ. ಮೂರನೆಯದಾಗಿ, ನಮ್ಮ ಸಂಘಗಳಲ್ಲಿ ಒಬ್ಬಳು ಲೆಕ್ಕದ ಪುಸ್ತಕ ಬರೆಯುತ್ತಾಳೆ, ಬ್ಯಾಂಕಿಗೆ ಅಲೆಯುತ್ತಾಳೆ, ನಾಲ್ಕು ಮನೆಯ ಅರ್ಜಿ ತುಂಬುತ್ತಾಳೆ. ಆ ದಿನದ ಕೂಲಿ ಅವಳಿಗೆ ನಷ್ಟ. ನಾವೋ ಅದನ್ನು ಉಪಕಾರವೆಂದು ಮರೆತುಬಿಡುತ್ತೇವೆ. ಅವಳಿಗೆ ಬಸ್ ಚಾರ್ಜನ್ನೂ ದಿನದ ಕೂಲಿಯನ್ನೂ ಸಂಘದಿಂದ ಕೊಡಿರಿ. ಕೊಟ್ಟದ್ದನ್ನು ಪುಸ್ತಕದಲ್ಲಿ ಬರೆಯಿರಿ.

ಒಬ್ಬಳ ತಿಳಿವಳಿಕೆಗೆ ಬೆಲೆ ಕೊಡುವ ಹತ್ತು ಮನೆಗಳಿದ್ದರೆ ಅವಳು ಆ ಕೆಲಸದಿಂದಲೇ ಜೀವನ ಮಾಡಬಲ್ಲಳು. ಇನ್ನಿಬ್ಬರನ್ನು ಜೊತೆಗೆ ಸೇರಿಸಿಕೊಳ್ಳಬಲ್ಲಳು. ಕಂಪೆನಿಯೊಂದು ಹೀಗೆಯೇ ಹುಟ್ಟುತ್ತದೆ. ಸಾಲದವನು ಮುಂದಿನ ವಾರವೂ ಬರುತ್ತಾನೆ. ಅವನು ಬರುವ ಮೊದಲೇ ನಮ್ಮ ಅಕ್ಕತಂಗಿಯರಲ್ಲಿ ಅಂಥವಳನ್ನು ಗುರುತಿಸಿ ಅವಳ ಮಾತನ್ನು ಕೇಳೋಣ.