ಹುಲಿಗೊಂದು ಕಾಲರ್, ಹುಡುಗಿಗೊಂದು ಆ್ಯಪ್

ಮಹಾರಾಷ್ಟ್ರದ ವಿದರ್ಭದಲ್ಲಿರುವ ಉಮರೇಡ್ ಅಂದರೆ ಸಫಾರಿಗೆ ಹೋಗುವವರಿಗೆ ಹುಲಿ ಮಾತ್ರ. ಅಲ್ಲಿನ ಕರ್ಹಾಂಡ್ಲಾ ಕಾಡಿನ 'ಜೈ' ಎಂಬ ಹುಲಿಯ ಕೊರಳಲ್ಲಿ ರೇಡಿಯೊ ಕಾಲರ್ ಇತ್ತು. 2016ರ ಏಪ್ರಿಲ್‌ನಲ್ಲಿ ಅವನು ಕಾಣೆಯಾದಾಗ ಕಾಡೆಲ್ಲ ಜಾಲಾಡಿದರು, ಟಿವಿಗಳು ದಿನಗಟ್ಟಲೆ ಗೋಳಾಡಿದವು. ಕಾಲರ್ ಇದ್ದೂ ಹುಲಿ ಸಿಗಲಿಲ್ಲ.

ಅದೇ ಉಮರೇಡಿನ ಗೋಕುಲ್ ಕಲ್ಲಿದ್ದಲು ಗಣಿಯಲ್ಲಿ, 2018ರ ಆಗಸ್ಟ್‌ನಲ್ಲಿ, ಕೆಲಸದಲ್ಲಿದ್ದ ಯುವತಿಯ ಮೇಲೆ ಸಾಮೂಹಿಕ ಅತ್ಯಾಚಾರ ನಡೆಯಿತು. ಅವಳೇನು ಅಪರಾತ್ರಿಯಲ್ಲಿ ಪಬ್ಬಿಂದ ಬರುತ್ತಿದ್ದಳೇ? ಸರ್ಕಾರಿ ಕಂಪನಿಯ ಗಣಿಯಲ್ಲಿ ದುಡಿಯುತ್ತಿದ್ದಳು. ಸಂಜೆಯ ಚರ್ಚೆಗೆ ಕೂರುವ ಕೋಟುಧಾರಿಗಳ "ಹೆಣ್ಣುಮಕ್ಕಳು ಹುಷಾರಾಗಿರಬೇಕು" ಎಂಬ ಭಜನೆ ಈ ಗಣಿಯ ಧೂಳಿನಲ್ಲಿ ಯಾರಿಗೆ ಕೇಳಿಸಬೇಕು? ದುಡಿಯುವ ಜಾಗದಲ್ಲಿ ದೀಪ ಇದೆಯೇ, ಬಾಗಿಲಿರುವ ಕಕ್ಕಸು ಇದೆಯೇ, ಪಾಳಿ ಮುಗಿದ ಮೇಲೆ ಮನೆ ಮುಟ್ಟಿಸಲು ಗಾಡಿ ಇದೆಯೇ ಎಂದು ಕೇಳಿದರೆ ಟಿಆರ್‌ಪಿ ಬರುವುದಿಲ್ಲ.

ಆದ್ದರಿಂದ ನಮಗೆ ಗುಂಡಿ ಕೊಟ್ಟರು. 2017ರ ಜನವರಿಯಿಂದ ಪ್ಯಾನಿಕ್ ಬಟನ್ ಇಲ್ಲದ ಮೊಬೈಲ್ ಮಾರಬಾರದೆಂದು ಕೇಂದ್ರ ಸರ್ಕಾರ ಆಜ್ಞೆ ಹೊರಡಿಸಿತು. ಬೆಂಗಳೂರು ಪೊಲೀಸರು ಅದೇ ವರ್ಷ 'ಸುರಕ್ಷಾ' ಆ್ಯಪ್ ತಂದರು. ಆಮೇಲೆ ನಿರ್ಭಯಾ ನಿಧಿಯ ದುಡ್ಡಿನಲ್ಲಿ ಸೇಫ್ ಸಿಟಿ ಕ್ಯಾಮೆರಾಗಳು ಕಂಬಕಂಬಕ್ಕೂ ಏರಿದವು. ಕ್ಯಾಮೆರಾ ಬೇಡ ಎನ್ನುತ್ತಿಲ್ಲ. ಆದರೆ ಅತ್ಯಾಚಾರದ ಪ್ರಕರಣಗಳಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚರಲ್ಲಿ ಆರೋಪಿ ಪರಿಚಿತನೇ ಎಂದು ಬಹುತೇಕ ವರ್ಷಗಳಲ್ಲಿ ಹೇಳುವುದು ಸರ್ಕಾರದ್ದೇ ಅಪರಾಧ ದಾಖಲೆ. ಮಾವ, ಮಾಲೀಕ, ಮೇಸ್ತ್ರಿ, ಪಕ್ಕದ ಮನೆಯವನು. ಇವರ ಮೇಲೆ ಯಾವ ಕಂಬದ ಕಣ್ಣಿದೆ? ಇತ್ತ ಲೊಕೇಶನ್ ಶೇರ್ ಮಾಡು ಎಂದು ಮಗಳ ಫೋನನ್ನು ಅಣ್ಣನ ಕೈಗೆ ಕಟ್ಟಿಹಾಕಿದ್ದಾರೆ. ಅವಳು ಯಾರ ಜತೆ ಟೀ ಕುಡಿದಳೆಂಬ ವರದಿ ಮನೆಗೆ ಮೊದಲು ಮುಟ್ಟುತ್ತದೆ, ಪೊಲೀಸ್ ಜೀಪು ಆಮೇಲೆ.

ಈ ವಿದರ್ಭದ ನೆಲಕ್ಕೆ ನೆನಪು ಜಾಸ್ತಿ. 1972ರಲ್ಲಿ ದೇಸಾಯಿಗಂಜ್ ಪೊಲೀಸ್ ಠಾಣೆಯೊಳಗೆ ಆದಿವಾಸಿ ಹುಡುಗಿಯೊಬ್ಬಳ ಮೇಲೆ ಅತ್ಯಾಚಾರವಾಯಿತು. ನಾಗಪುರದ ಹೈಕೋರ್ಟ್ ಪೀಠ ಪೊಲೀಸರಿಗೆ ಶಿಕ್ಷೆ ಕೊಟ್ಟಿತು. 1978ರಲ್ಲಿ ಸುಪ್ರೀಂ ಕೋರ್ಟ್ ಅವಳ ಮೈಮೇಲೆ ಗಾಯದ ಗುರುತು ಹುಡುಕಿ, ಸಿಗದೆ, ಅವರನ್ನು ಬಿಟ್ಟು ಕಳಿಸಿತು. ಹೆಂಗಸರು ಬೀದಿಗಿಳಿದ ಮೇಲೆ 1983ರಲ್ಲಿ ಕಾನೂನು ಬದಲಾಯಿತು. ಸಂತ್ರಸ್ತೆಯ ಗುರುತು ಬಯಲು ಮಾಡಬಾರದೆಂಬ ಕಲಮು ಬಂದದ್ದು ಆಗಲೇ. (ಆ ಹುಡುಗಿಯ ಹೆಸರನ್ನು ದೇಶವೆಲ್ಲ ಬರೆದಿದೆ. ನಾನು ಬರೆಯುವುದಿಲ್ಲ.)

ಉಮರೇಡಿನ ನೆರೆಯ ಭಂಡಾರಾ ಜಿಲ್ಲೆಯ ಖೈರ್ಲಾಂಜಿಯಲ್ಲಿ 2006ರ ಸೆಪ್ಟೆಂಬರ್ 29ರಂದು ಒಂದೇ ದಲಿತ ಮನೆಯ ನಾಲ್ವರನ್ನು ಕೊಂದರು. ತಾಯಿಗೆ ಅನೈತಿಕ ಸಂಬಂಧದ ಕತೆ ಕಟ್ಟಿ ತೇಲಿಬಿಟ್ಟರು. ವಾರಗಟ್ಟಲೆ ದೊಡ್ಡ ಪತ್ರಿಕೆಗಳಿಗೆ ಅದು ಸುದ್ದಿಯೇ ಆಗಲಿಲ್ಲ. ದಲಿತರು ಬೀದಿಯಲ್ಲಿ ಕೂಗಿದ ಮೇಲೆ ಕ್ಯಾಮೆರಾ ಬಂತು.

ಕ್ಯಾಮೆರಾ ಮೊದಲೇ ಬಂದ ಕಡೆಯಾದರೂ ನ್ಯಾಯ ಸಿಕ್ಕಿತೇ? 2009ರ ಜನವರಿ 24, ಮಂಗಳೂರಿನ ಪಬ್ ಮೇಲೆ ದಾಳಿ. ಹುಡುಗಿಯರ ಜುಟ್ಟು ಹಿಡಿದು ಎಳೆದಾಡಿದ್ದನ್ನು, ಬಿದ್ದವಳನ್ನು ಹೊಡೆದದ್ದನ್ನು ಕ್ಯಾಮೆರಾ ಹಿಡಿಯಿತು, ಚಾನೆಲ್‌ಗಳು ತಿರುಗಿಸಿ ತಿರುಗಿಸಿ ತೋರಿಸಿದವು. ದೇಶಕ್ಕೆ ದೇಶವೇ ನೋಡಿತು. 2018ರ ಮಾರ್ಚ್‌ನಲ್ಲಿ, ಸಾಕಷ್ಟು ಸಾಕ್ಷ್ಯವಿಲ್ಲವೆಂದು ಆರೋಪಿಗಳು ಖುಲಾಸೆ! ಗಾಯವಿಲ್ಲ ಎಂದು ಒಂದು ಕಾಲದಲ್ಲಿ ಬಿಟ್ಟರು, ಗಾಯವಾಗುವುದನ್ನೇ ಕಂಡ ಮೇಲೂ ಬಿಟ್ಟರು.

ಹಾಸನದ್ದು ಇನ್ನೂ ಹೇಸಿಗೆ. ಅಲ್ಲಿ ಕ್ಯಾಮೆರಾ ಇದ್ದದ್ದು ಆಗಿನ ಸಂಸದ ಪ್ರಜ್ವಲ್ ರೇವಣ್ಣನ ಕೈಯಲ್ಲೇ. 2024ರ ಏಪ್ರಿಲ್, ಮತದಾನ ಹತ್ತಿರ ಬಂದಾಗ ಲೈಂಗಿಕ ದೌರ್ಜನ್ಯದ ಆ ವಿಡಿಯೊಗಳ ಪೆನ್ ಡ್ರೈವ್‌ಗಳು ಊರ ತುಂಬ ಹರಿದಾಡಿದವು. ಹೆಂಗಸರ ಮುಖ ಮುಚ್ಚುವಷ್ಟು ಮರ್ಯಾದೆಯೂ ಹಂಚಿದವರಿಗಿರಲಿಲ್ಲ. ಅವರಿಗೆ ಬೇಕಿದ್ದದ್ದು ಎದುರಾಳಿಯ ಸೋಲು, ಆ ಹೆಂಗಸರ ಪಾಡು ಏನಾದರೇನು. ಪ್ರಜ್ವಲ್ ರೇವಣ್ಣನಿಗೆ 2025ರ ಆಗಸ್ಟ್‌ನಲ್ಲಿ ಅತ್ಯಾಚಾರದ ಪ್ರಕರಣದಲ್ಲಿ ಜೀವಾವಧಿ ಶಿಕ್ಷೆಯಾಯಿತು. ಆ ತೀರ್ಪಿನ ರಾತ್ರಿ ಸ್ಟುಡಿಯೊಗಳು ಬೆನ್ನು ತಟ್ಟಿಕೊಂಡವು. ಆದರೆ ಅಧಿಕಾರಸ್ಥ ಮನೆತನದ ಎದುರು ಕಟಕಟೆಯಲ್ಲಿ ನಿಂತು ಸಾಕ್ಷಿ ನುಡಿದವಳು ಆ ಮನೆಯಲ್ಲಿ ದುಡಿದ ಹೆಂಗಸು. ಅವಳಿಗೆ ಯಾವ ಆ್ಯಪ್ ಧೈರ್ಯ ಕೊಟ್ಟಿತ್ತು? ಆ ವಿಡಿಯೊಗಳನ್ನು ಚಹಾ ಹೀರುತ್ತ ಫಾರ್ವರ್ಡ್ ಮಾಡಿದ ಗಂಡಸರು ಈಗ ಯಾವ ಗ್ರೂಪಿನಲ್ಲಿ ಮಹಿಳಾ ಸುರಕ್ಷತೆಯ ಭಾಷಣ ಬಿಗಿಯುತ್ತಿದ್ದಾರೆ?