ಹೊಳೆ ನುಂಗಿದ ಊರಿನವರು

ಹಾಸನದ ಟೀ ಅಂಗಡಿಗಳಲ್ಲಿ ಈಗ ಒಂದು ಮಾತು ಸಲೀಸಾಗಿ ಬರುತ್ತದೆ: ‘ಸಕಲೇಶಪುರದ ಕಾಫಿ ತೋಟಗಳಲ್ಲೆಲ್ಲ ಬಾಂಗ್ಲಾದವರೇ.’ ಹೀಗೆ ಅನ್ನಿಸಿಕೊಳ್ಳುವ ಕೂಲಿಗಳಲ್ಲಿ ಬಹಳಷ್ಟು ಮಂದಿ ಅಸ್ಸಾಮಿನವರು. ಬಂಗಾಳಿ ಆಡುತ್ತಾರೆ, ನಮಾಝ್ ಮಾಡುತ್ತಾರೆ. ಅನುಮಾನಕ್ಕೆ ಅಷ್ಟು ಸಾಕು. ಅವರ ಊರಿಗೆ ಏನಾಯಿತೆಂದು ಕೇಳಿದವರುಂಟೆ? 1950ರಿಂದೀಚೆಗೆ ಬ್ರಹ್ಮಪುತ್ರ ಮತ್ತದರ ಉಪನದಿಗಳು 4.27 ಲಕ್ಷ ಹೆಕ್ಟೇರ್ ನೆಲವನ್ನು ಕೊರೆದು ನುಂಗಿವೆಯೆಂದು ಅಸ್ಸಾಂ ಸರಕಾರದ ಲೆಕ್ಕವೇ ಹೇಳುತ್ತದೆ. ಹೊಳೆ ಮೊದಲಿನಿಂದಲೂ ಕೊರೆಯುತ್ತಿತ್ತು, ನಿಜ. ಹವಾಮಾನ ಕೆಟ್ಟ ಮೇಲೆ ಒಮ್ಮೆಲೇ ಸುರಿಯುವ ಮಳೆ ಅದನ್ನು ಇನ್ನಷ್ಟು ಕೆರಳಿಸುತ್ತಿದೆ. ಹೊಲ, ಮನೆ ಎರಡೂ ನೀರುಪಾಲಾದವನು ಕಾಗದಪತ್ರ ಎಲ್ಲಿಂದ ತರಬೇಕು?

ನಮ್ಮ ಜಿಲ್ಲೆಯದೇನು ಬೇರೆ ಕಥೆಯೆ? 2023ರಲ್ಲಿ ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತವೆಂದು ಸರಕಾರ ಸಾರಿತು. ಮಳೆ ಕೈಕೊಟ್ಟರೆ ಚನ್ನರಾಯಪಟ್ಟಣದ ಕೊಳವೆಬಾವಿ ಬತ್ತಿ ತೆಂಗು ಒಣಗುತ್ತದೆ. ಅಕಾಲದಲ್ಲಿ ಹಿಡಿದುಕೊಂಡರೆ ಹಾಸನದ ಆಲೂಗಡ್ಡೆಗೆ ಅಂಗಮಾರಿ. ಅರಕಲಗೂಡು, ಹೊಳೆನರಸೀಪುರದ ಹುಡುಗರು ಬೆಂಗಳೂರಿನ ಬಸ್ಸು ಹತ್ತುತ್ತಾರೆ. ಪೀಣ್ಯದಲ್ಲಿ ಅವರನ್ನು ಯಾರೂ ‘ನುಸುಳುಕೋರ’ ಎನ್ನುವುದಿಲ್ಲ.

ನಮ್ಮವರಿಗೂ ಒಂದು ಮಾತು. ‘ನಾವು ಇಲ್ಲಿನವರು, ಅವರು ಬೇರೆ’ ಎಂದು ದೂರ ಸರಿಯುವ, ಬಾಡಿಗೆಗೆ ಕೋಣೆ ಕೊಡಲು ಹಿಂಜರಿಯುವ ಮೊಹಲ್ಲಾಗಳನ್ನು ನಾನೇ ಕಂಡಿದ್ದೇನೆ. ಅವರ ಭಯ ನನಗೆ ಅರ್ಥವಾಗುತ್ತದೆ, ಒಪ್ಪಿಗೆಯಾಗುವುದಿಲ್ಲ. ಪ್ರವಾದಿಯವರ ವಲಸೆಯಿಂದ ವರ್ಷ ಎಣಿಸುವ ಹಿಜರಿ ಕ್ಯಾಲೆಂಡರು ಅದೇ ಮನೆಗಳ ಗೋಡೆಯ ಮೇಲಿದೆಯಲ್ಲ!

ದಾಖಲೆ ನೋಡುವುದು ಪೊಲೀಸರ ಕೆಲಸ, ನೋಡಲಿ. ಟೀ ಅಂಗಡಿಯ ಗಿರಾಕಿಗಳಿಗೆ ಆ ಅಧಿಕಾರ ಕೊಟ್ಟವರಾರು? ತೋಟದ ಮಾಲೀಕರು ಮೊದಲು ಈ ಜನರ ಹೆಸರನ್ನು ಹಾಜರಿ ಪುಸ್ತಕದಲ್ಲಿ ಬರೆದು ಪೂರ್ತಿ ಕೂಲಿ ಕೊಡಲಿ.